ಏಳು ಕೋಟಿಯ ಆ ಸಂಖ್ಯೆ

ಅಕ್ಕನ ನೋಟುಪುಸ್ತಕಗಳನ್ನು ನಾನು ತಲುಪಿಸಲಿಲ್ಲ. ತಲುಪಿಸಿದೆ ಎಂದು ಸುಳ್ಳು ಹೇಳಿದೆ. ಮೊನ್ನೆ ಬೆಳಿಗ್ಗೆ ನನ್ನ ವ್ಯಾನಿನಲ್ಲಿ ಶಾಲೆಗೆ ಹೊರಟಿದ್ದ ಗಣಿತದ ಟೀಚರೊಬ್ಬರು ಪೆನ್ಸಿಲ್ ಹೆರೆದರು. ಆ ಮರದ ವಾಸನೆಗೆ ಎಲ್ಲ ನೆನಪಾಯಿತು...

ತೊಂಬತ್ತರ ದಶಕದ ಕೊನೆ. ಅಕ್ಕ ಕುವೈತ್ ಸಿಟಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಫೈಲು ಜೋಡಿಸುತ್ತಿದ್ದಳು. ನಾನು ಆಗಲೂ ಇಲ್ಲಿ ವ್ಯಾನು ಓಡಿಸುತ್ತಿದ್ದೆ; ಅವಳನ್ನು ಬಿಡುವುದು, ಕರೆತರುವುದು ನಾನೇ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅವಳದು ಬಿ.ಎಸ್ಸಿ. ಅರ್ಧಕ್ಕೆ ನಿಂತಿತ್ತು. ಸಿಗ್ನಲಿನಲ್ಲಿ ವ್ಯಾನು ನಿಂತರೆ ಸಾಕು, ಮಡಿಲಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು.

"ಎಂತ ಬರೀತಿ ಮಾರಾಯ್ತಿ, ವೀಸಾ ಕೊಟ್ಟ ಕಫೀಲನ ಜಾತಕವಾ?" ಎಂದು ಕೆಣಕಿದೆ.

"ನಿನ್ನದಲ್ಲ, ಸುಮ್ಮನೆ ನೋಡು" ಎಂದು ತೋರಿಸಿದಳು. 7,39,39,133. ಒಂದನ್ನೂ ಅದನ್ನೂ ಬಿಟ್ಟರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವ ಸಂಖ್ಯೆ. ಕೊನೆಯ ಅಂಕಿ ಅಳಿಸಿದರೆ 73,93,913; ಅದೂ ಹಾಗೆಯೇ. ಇನ್ನೊಂದು ಅಳಿಸಿದರೂ ಹಾಗೆಯೇ... ಕೊನೆಗೆ ಬರೀ ಏಳು ಉಳಿಯುವ ತನಕ ಎಲ್ಲೂ ಒಡೆಯುವುದಿಲ್ಲ. ಆದರೆ ಬಾಲಕ್ಕೆ ಯಾವ ಅಂಕಿ ಹೊಸದಾಗಿ ಸೇರಿಸಿದರೂ ಒಡೆಯುತ್ತದೆ. ಇಷ್ಟು ತಿಳಿಯಲು ಅವಳು ಸಾವಿರಾರು ಭಾಗಾಕಾರ ಮಾಡಿದ್ದಳು. ಎರಡು ವರ್ಷ, ನಾಲ್ಕು ದಪ್ಪ ಪುಸ್ತಕ.

ನಾನು ರಜೆಯಲ್ಲಿ ಊರಿಗೆ ಹೊರಟಾಗ ಅವನ್ನು ಕೊಟ್ಟಳು. "ನನ್ನ ಕಾಲೇಜಿನ ಗಣಿತದ ಸರ್‌ಗೆ ಕೊಡು. ನಾನು ಮಾಡಿದ್ದು ಸರಿಯಾ, ಇದಕ್ಕಿಂತ ದೊಡ್ಡದು ಉಂಟಾ, ಅಷ್ಟು ಕೇಳಿ ಬಾ."

ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಎರಡು ಕಿಲೋ ಹೆಚ್ಚು ತೂಗಿತು. ಎಲ್ಲರಂತೆ ನಾನೂ ನೆಲದ ಮೇಲೆ ಬಿಚ್ಚಿ ಕೂತೆ. ಹಾಲಿನ ಪುಡಿ ಅತ್ತೆಗೆ, ಕಂಬಳಿ ಮಾವನಿಗೆ, ಸೆಂಟು ನೆರೆಮನೆಗೆ. ಯಾವುದು ತಪ್ಪಿದರೂ ಮಾತು ಬರುತ್ತಿತ್ತು. "ಯಲ್ಲಾ, ಯಲ್ಲಾ" ಎಂದು ಹಿಂದಿನವ ಅವಸರ ಮಾಡಿದ. ಪುಸ್ತಕಗಳನ್ನು ಕಸದ ಡಬ್ಬಿಗೆ ಹಾಕಿದೆ.

ಕುವೈತಿಗೆ ಮರಳಿದಾಗ ಅಮ್ಮ ಹೇಗಿದ್ದಾಳೆ ಎಂದು ಕೇಳುವ ಮೊದಲೇ ಅಕ್ಕ ಕೇಳಿದಳು, "ಸರ್ ಎಂತ ಹೇಳಿದ್ರು?"

"ನೋಡಿ ಕಾಗದ ಬರೀತಾರಂತೆ."

ಆಮೇಲೆ ಊರಿನಿಂದ ಯಾರು ಬಂದರೂ ಕಾಗದ ಉಂಟಾ ಎಂದು ವಿಚಾರಿಸುವಳು. ವರ್ಷ ಕಳೆಯಿತು. ಒಂದು ದಿನ ವ್ಯಾನಿನಲ್ಲಿ ಮೆಲ್ಲಗೆ ಹೇಳಿದಳು, "ಎಲ್ಲೋ ತಪ್ಪಿರ್ಬೇಕು. ನಂಗೆ ಬೇಜಾರಾಗ್ತದೆ ಅಂತ ಸರ್ ಬರೀಲಿಲ್ಲ. ಮತ್ತೆ ಕೇಳಿ ಅವ್ರಿಗೆ ಮುಜುಗರ ಮಾಡೋದು ಬೇಡ."

ಅಂದಿನಿಂದ ಸಿಗ್ನಲಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದಳು. ನಾನು ಆಗಲೂ ಬಾಯಿ ಬಿಡಲಿಲ್ಲ...

ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಆ ಸಂಖ್ಯೆ ನನಗೆ ಇಂದಿಗೂ ಬಾಯಿಪಾಠ. ಮೊನ್ನೆ ಆ ಟೀಚರಿಗೆ ಹೇಳಿದೆ. ಅವರು ಮೊಬೈಲಿನಲ್ಲಿ ಹುಡುಕಿ ನೋಡಿದರು.

"ಸರಿ ಉಂಟಲ್ಲ ಭಾಯಿ. ಈ ಥರದ್ದರಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಿಮಗೆ ಯಾರು ಹೇಳಿದ್ದು?"

"ನಮ್ಮ ಅಕ್ಕ. ಕೂತು ಲೆಕ್ಕ ಹಾಕಿದ್ಲು."

ಅವರನ್ನು ಇಳಿಸಿ, ಮಿರ್ಕಾಬ್ ಬಡಾವಣೆಯಲ್ಲಿ ಒಂದು ಕಡೆ ವ್ಯಾನು ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಆಮೇಲೆ ಗಟ್ಟಿಯಾಗಿಯೇ ಹೇಳಿದೆ:

"ಅಕ್ಕಾ, ನಿನ್ನ ಲೆಕ್ಕ ಸರಿ ಇತ್ತು. ಸರ್ ಅದನ್ನು ನೋಡಲೇ ಇಲ್ಲ. ಪುಸ್ತಕ ಬಿಸಾಡಿದ್ದು ನಾನು. ತಪ್ಪಾಯ್ತು ನನ್ನಿಂದ."