ಅಂಗನವಾಡಿಯ ಹೆಸರು ಕೆಟ್ಟಿದ್ದು

ಮಗಳಿಗೆ ಮೂರೂವರೆ ತುಂಬಿತ್ತು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಹೊರಗಿನವರ ಮುಂದೆ ಒಂದಕ್ಕೆ ಹೋಗಬೇಕು ಎನ್ನಲೂ ಬಾಯಿ ಬಿಡುತ್ತಿರಲಿಲ್ಲ. ತಿಪಟೂರಿನ ಹೆಸರುವಾಸಿ ನರ್ಸರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಮಿಸ್ ಇದು ಯಾವ ಬಣ್ಣ, ಅದು ಯಾವ ಹಣ್ಣು ಎಂದು ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದರು. ಇವಳು ನನ್ನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡು ನಿಂತಲ್ಲೇ ಒದ್ದೆ ಮಾಡಿಕೊಂಡಳು. ಮಿಸ್ ನಕ್ಕು, "ಬಿಡಿ, ಒಂದೇ ತಿಂಗಳಲ್ಲಿ ಸರಿ ಮಾಡ್ತೀವಿ" ಎಂದರು. ಆ ಮಾತು ಕೇಳಿ ನನಗೆ ಭಯವೇ ಆಯಿತು.

ನಮ್ಮ ಯಜಮಾನರಿಗೆ ಹಾಗೇನೂ ಅನಿಸಲಿಲ್ಲ. "ಅಲ್ಲಿ ಸೀಟು ಸಿಗೋದೇ ಕಷ್ಟ ಕಣೇ. ಶನಿವಾರದೊಳಗೆ ಸೇರಿಸ್ಬೇಕು" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ರಾಗ. ಬೆಳಿಗ್ಗೆ ಏಳೂವರೆಗೆ ಮಗುವನ್ನು ಕಿಬ್ಬನಹಳ್ಳಿ ಕ್ರಾಸಿಗೆ ತಂದು ವ್ಯಾನು ಹತ್ತಿಸಿದರೆ ನಾನು ಮತ್ತೆ ಅವಳ ಮುಖ ನೋಡುವುದು ಮಧ್ಯಾಹ್ನ ಮೂರಕ್ಕೆ.

"ಊರಲ್ಲೇ ಅಂಗನವಾಡಿ ಐತಲ್ಲ" ಎಂದೆ.

ಅವರು ನನ್ನನ್ನು ತಲೆಕೆಟ್ಟವಳ ಹಾಗೆ ನೋಡಿದರು. "ಆ ಟೀಚರ್ ವಿಷ್ಯ ನಿಂಗೊತ್ತಿಲ್ವಾ? ಮಕ್ಕಳ ರೇಷನ್ ಮನೆಗೆ ಸಾಗಿಸ್ತಾಳೆ, ಅತ್ರೆ ಹಿಡಿದು ಬಡೀತಾಳೆ. ಊರಿಗೂರೇ ಹೇಳ್ತದೆ."

ಊರು ಹೇಳುತ್ತಿದ್ದುದು ನಿಜ. ಆದರೆ ನಾನು ಹುಟ್ಟಾ ಹಟಮಾರಿ. ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಸಿಕ್ಕಸಿಕ್ಕವರನ್ನೆಲ್ಲ ತಡೆದು ಕೇಳಿದೆ, ಕಣ್ಣಾರೆ ಕಂಡವರು ಯಾರು ಎಂದು. ಹೊಡೆದದ್ದನ್ನು ಕಂಡವರು ಒಬ್ಬರೂ ಇಲ್ಲ. ರೇಷನ್ ವಿಷಯಕ್ಕೆ ಮಾತ್ರ ಅಂಗಡಿಯಾಕೆ, "ನಿಮ್ಮ ಪಕ್ಕದ ಮನೆ ಅಕ್ಕನ್ನೇ ಕೇಳು, ಅವ್ರೇ ನಂಗೆ ಹೇಳಿದ್ದು" ಎಂದಳು.

ಗುರುವಾರ ಆ ಅಕ್ಕನ ಮನೆಯಲ್ಲಿ ಕೊಬ್ಬರಿ ಕೆಲಸ. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ ಗಂಡಸರು ಸುಲಿದು, ಚಿಪ್ಪು ಒಡೆಯುತ್ತಿದ್ದರು. ನಾವು ಹೆಂಗಸರು ಸಾಲಾಗಿ ಕೂತು ಉಂಡೆ ಕೊಬ್ಬರಿಯ ಮೇಲಿನ ಸಿಪ್ಪೆ ಹೆರೆಯುತ್ತಿದ್ದೆವು. ಆ ದಿನ ಕೈಗೆ ಎಷ್ಟು ಕೆಲಸವೋ ಬಾಯಿಗೂ ಅಷ್ಟೇ ಕೆಲಸ. ಯಾವ ಡಾಕ್ಟರ ಕೈಗುಣ ಒಳ್ಳೆಯದು, ಯಾವ ಮನೆಗೆ ಹೆಣ್ಣು ಕೊಡಬಹುದು, ಎಲ್ಲ ತೀರ್ಮಾನವಾಗುವುದು ಈ ಸಾಲಿನಲ್ಲೇ. ಸ್ಕೂಲೂ ಅಷ್ಟೆ.

"ಅಕ್ಕಾ, ಆ ಟೀಚರ್ ರೇಷನ್ ಸಾಗಿಸ್ತಾಳೆ ಅಂತ ನಿಮಗೆ ಹೇಳಿದ್ಯಾರು?" ಎಂದೆ.

ಅಕ್ಕ ಹೆರೆಯುವುದನ್ನು ನಿಲ್ಲಿಸಿದರು. "ಅಯ್ಯೋ ಶಿವನೇ! ನೀನೇ ಕಣೇ ಹೇಳಿದ್ದು. ಇದೇ ಅಂಗಳದಾಗೆ. ಆಗ ನಿನ್ನ ಮಗಳು ಹೊಟ್ಟೇಲಿದ್ಲು."

ಸಾಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಒಂದೊಂದೇ ನೆನಪಾಯಿತು. ಬಸುರಿಯಾಗಿದ್ದಾಗ ನಾನು ಅಂಗನವಾಡಿಯ ಊಟಕ್ಕೆ ಹೋಗುತ್ತಿದ್ದೆ. ತಡವಾಗಿ ಬಂದೆನೆಂದು ಆ ಟೀಚರ್ ಒಂದು ದಿನ ಎಲ್ಲರೆದುರು ಗದರಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅದೇ ವಾರ ಒಂದು ಸಂಜೆ ಅಂಗನವಾಡಿ ಬಾಗಿಲಲ್ಲಿ ಅವಳ ಸ್ಕೂಟರ್ ನಿಂತಿತ್ತು, ಅದರ ಮೇಲೊಂದು ತುಂಬಿದ ಗೋಣಿಚೀಲ. ನಾನು ಕಂಡದ್ದು ಅಷ್ಟೇ. ಆ ಮೂಟೆ ಒಳಗೆ ಹೋಗುತ್ತಿತ್ತೋ, ಹೊರಗೆ ಬಂದಿತ್ತೋ, ನಿಂತು ನೋಡಲೂ ಇಲ್ಲ. ಮಾರನೆಯ ದಿನ ಕೊಬ್ಬರಿ ಹೆರೆಯುತ್ತಾ, "ಮಕ್ಕಳ ಅಕ್ಕಿ ಮೂಟೆಗಟ್ಟಲೆ ಹೊರಡ್ತದೆ" ಎಂದುಬಿಟ್ಟೆ. ಹೊಡೆಯುವ ಮಾತು ನನ್ನದಲ್ಲ. ಅದನ್ನು ಆಮೇಲೆ ಯಾರೋ ಸೇರಿಸಿದ್ದು.

ಶುಕ್ರವಾರ ಮಗಳನ್ನು ಕರೆದುಕೊಂಡು ಅಂಗನವಾಡಿಗೆ ಹೋದೆ. ಒಳಗೆ ಐದೇ ಮಕ್ಕಳು. ಟೀಚರ್ ನನ್ನನ್ನು ನೋಡಿ ತಲೆಯಾಡಿಸಿದರು, ಮಗಳನ್ನು ಏನೂ ಕೇಳಲಿಲ್ಲ. ಒಂದು ಬಟ್ಟಲು ಹುರಿಗಡಲೆ ಅವಳ ಮುಂದಿಟ್ಟು ಉಳಿದ ಮಕ್ಕಳ ಕಡೆ ತಿರುಗಿ ಕೂತರು. ಬಹಳ ಹೊತ್ತು ಇವಳು ನನ್ನ ಸೆರಗು ಬಿಡಲಿಲ್ಲ. ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಬಿಟ್ಟಳು. ನೆಟ್ಟಗೆ ಟೀಚರ್ ಹತ್ತಿರ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಕೈ ಹಿಡಿದು ಅವಳನ್ನು ಹಿಂದಿನ ಬಚ್ಚಲಿಗೆ ಕರೆದೊಯ್ದರು. ನನಗೆ ಅಳುವೇ ಬಂತು.

ಅವರ ಹಿಂದೆಯೇ ಹೋದವಳಿಗೆ ಅಡುಗೆಯ ಒಲೆ ಪಕ್ಕದಲ್ಲಿ ಎರಡು ಗೋಣಿಚೀಲ ಕಂಡವು. ಬಾಯಿ ಕಟ್ಟಿರಲಿಲ್ಲ. ಎರಡರಲ್ಲೂ ತೆಂಗಿನ ಚಿಪ್ಪು.

"ಗ್ಯಾಸ್ ಖಾಲಿಯಾದಾಗ ಇದೇ ಗತಿ ಕಣಮ್ಮ. ಕೊಬ್ಬರಿ ಒಡೆದೋರ ಮನೇಲಿ ಕೇಳಿ ತುಂಬಿ, ಸ್ಕೂಟರ್ ಮೇಲೆ ಹಾಕ್ಕೊಂಡು ಬತ್ತೀನಿ" ಎಂದರು ಟೀಚರ್.

ಅಲ್ಲೇ ಹೇಳಿಬಿಟ್ಟೆ. "ಮೇಡಂ, ಆ ರೇಷನ್ ಮಾತು ಎತ್ತಿದ್ದು ನಾನು."

"ಗೊತ್ತು" ಎಂದರು. "ಆವತ್ತು ಇಲ್ಲಿ ಇಪ್ಪತ್ತು ಮಕ್ಕಳಿದ್ವು. ಈಗ ನೋಡು. ಹಿಂಗೇ ಆದ್ರೆ ಇದನ್ನ ಮುಚ್ಚಿ ಪಕ್ಕದೂರಿನ ಕೇಂದ್ರಕ್ಕೆ ಸೇರಿಸ್ತೀವಿ ಅಂತ ಆಫೀಸ್ನೋರು ಹೇಳಿ ಹೋಗವ್ರೆ. ನಿನ್ನ ಮಗಳನ್ನ ಬರ್ಕೋತೀನಿ. ಎಷ್ಟು ದಿನ ಇಲ್ಲಿರ್ತಾಳೋ ನಾನು ಹೇಳಕ್ಕಾಗಲ್ಲ."

ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆನೇನೋ. ಅವರು ಬೈಯಲಿಲ್ಲ.

ಮನೆಯಲ್ಲಿ ರಂಪವಾಯಿತು. "ಮಗು ಅಲ್ಲಿ ಬಾಯಿ ಬಿಡ್ತು ರೀ" ಎಂದ ಮೇಲೆ ಯಜಮಾನರು ತಣ್ಣಗಾದರು. "ನಿನ್ನಿಷ್ಟ. ನಾಳೆ ಅದನ್ನ ಮುಚ್ಚಿದ್ರೆ ನನ್ನ ಕೇಳಬ್ಯಾಡ" ಎಂದರು. ಮುಚ್ಚದಿರಬೇಕಾದರೆ ಮಕ್ಕಳು ಬೇಕು. ಮಕ್ಕಳು ಬರಬೇಕಾದರೆ ಊರವರ ಮುಂದೆ ನನ್ನ ಮಾತನ್ನು ನಾನೇ ನುಂಗಬೇಕು.

ಶನಿವಾರ ಬೆಳಿಗ್ಗೆಯೇ ಪಕ್ಕದ ಮನೆಗೆ ಹೋದೆ. ಅಕ್ಕನ ಮೊಮ್ಮಗನಿಗೂ ಮೂರು ತುಂಬಿತ್ತು. ಸ್ಕೂಟರು, ಮೂಟೆ, ಚಿಪ್ಪು, ನನ್ನ ಸಿಟ್ಟು, ಒಂದೂ ಬಿಡದೆ ಹೇಳಿದೆ. "ತಪ್ಪು ನಂದು ಅಕ್ಕಾ. ಆ ಯಮ್ಮ ಒಂದು ಕಾಳೂ ಮುಟ್ಟಿಲ್ಲ. ನಿಮ್ಮ ಹುಡುಗನ್ನೂ ಅಲ್ಲಿಗೇ ಕಳಿಸಿ" ಎಂದು ಕೈ ಹಿಡಿದುಕೊಂಡೆ.

ಅಕ್ಕ ಪೂರ್ತಿ ಕೇಳಿಸಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಹತ್ತಿರಕ್ಕೆ ಸರಿದು, ದನಿ ತಗ್ಗಿಸಿದರು.

"ಅದೆಲ್ಲ ಇರ್ಲಿ ಬುಡು. ಹಿಂಗೆ ಹೇಳು ಅಂತ ನಿಂಗೇನು ಕೊಟ್ಲೇ ಅವಳು?"