ಹಾಡಿ ಅತ್ತ ಮಾತು

ರಾಯಚೂರಿನಲ್ಲಿ ಹೆಂಗಸೊಬ್ಬಳು ಖಾಸಗಿ ಪತ್ತೇದಾರಿ ಕೆಲಸ ಮಾಡುತ್ತಾಳೆಂದರೆ ಜನ ನಗುತ್ತಾರೆ. ನಗಲಿ. ನನಗೆ ಬರುವುದು ಹೆಚ್ಚಾಗಿ ಮದುವೆಯ ವಿಚಾರಣೆಗಳೇ: ವರ ಕುಡಿಯುತ್ತಾನೋ, ಎಲ್ಲಿಯಾದರೂ ಇನ್ನೊಂದು ಸಂಸಾರ ಇದೆಯೋ. ಕೊಂದವನನ್ನು ಹುಡುಕಿಕೊಡಿ ಎಂದು ಬಂದವಳು ಅರಕೇರಾದ ಆ ತಾಯಿ ಒಬ್ಬಳೇ.

ಅವಳ ಮಗಳನ್ನು ಮಾನ್ವಿಗೆ ಕೊಟ್ಟಿದ್ದರು. ಬಟ್ಟೆ ಒಗೆಯಲು ಒಬ್ಬಳೇ ಹೋಗಿ ಕಾಲುವೆಗೆ ಜಾರಿ ಬಿದ್ದು ಸತ್ತಳು, ಗಂಡ ಆಗ ರಾಯಚೂರಿನ ಹತ್ತಿ ಮಿಲ್ಲಿನಲ್ಲಿದ್ದ ಎಂದು ಆ ಮನೆಯವರು ಹೇಳಿದ್ದರು. ಪೊಲೀಸರೂ ಅದನ್ನೇ ಬರೆದುಕೊಂಡಿದ್ದರು.

"ನನ್ನ ಮೊಮ್ಮಗಳು ಅಲ್ಲೇ ಅದಾಳ್ರೀ. ಕೊಂದಾವ್ರು ಯಾರಂತ ಗೊತ್ತಾಗಲಾರ್ದ ಆ ಮನ್ಯಾಗ ಕೂಸಿನ್ನ ಹೆಂಗ ಬಿಡ್ಲಿ?" ಎಂದಳು.

ಸತ್ತ ಮನೆಗೆ ಹೋದ ಹೆಂಗಸರು ಅಲ್ಲಿನವರ ಕೊರಳು ತಬ್ಬಿ ಹಾಡಿ ಅಳುವುದು ನಮ್ಮ ಕಡೆಯ ರೂಢಿ. ನಾನು ಮಾನ್ವಿಗೆ ಹೋಗಿ, ದೂರದ ಬೀಗರ ಕಡೆಯವಳೆಂದು ಹೇಳಿಕೊಂಡು ಹುಡುಗಿಯ ಅತ್ತೆಯನ್ನು ತಬ್ಬಿಕೊಂಡೆ. ನಾಟಕವೆಂದುಕೊಂಡೇ ಹೋದವಳು, ನನ್ನವ್ವ ಸತ್ತದ್ದು ನೆನಪಾಗಿ ನಿಜವಾಗಿಯೇ ಬಿಕ್ಕಿದೆ. ಮುದುಕಿ ರಾಗ ಎತ್ತಿದಳು.

"ಗಂಡನ ಬೆನ್ನ ಹತ್ತಿ ಹೋದ್ಯಲ್ಲೇ ನನ ಸೊಸಿ, ಅವನೊಬ್ಬನೇ ತಿರುಗಿ ಬಂದನಲ್ಲೇ..."

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಗ, "ಸಾಕು ಮಾಡ್ ಬೇ ಯವ್ವಾ!" ಎಂದು ಗದರಿದ. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಒಬ್ಬಳೇ ಹೋದಳು, ಗಂಡ ಮಿಲ್ಲಿನಲ್ಲಿದ್ದ ಎಂದಿದ್ದ ಮನೆಯಲ್ಲೇ ಈ ಮಾತು. ಹಾಗೆ ಹಾಡುವಾಗ ಎದೆಯಲ್ಲಿದ್ದದ್ದು ತಡೆಯಲಾಗದೆ ಬಾಯಿಗೆ ಬಂದುಬಿಡುತ್ತದೆ.

ಠಾಣೆಗೆ ಹೋದೆ. "ಅತ್ತದ್ದನ್ನ ಸಾಕ್ಷಿ ಅಂತ ಯಾರು ತಗೋತಾರ್ರೀ? ಆಕಿನೇ ಬಂದು ಹೇಳ್ಲಿ" ಎಂದರು. ಸಿಟ್ಟು ನೆತ್ತಿಗೇರಿತು. ಮಗನಿಲ್ಲದ ಹೊತ್ತು ನೋಡಿ ಮತ್ತೆ ಮಾನ್ವಿಗೆ ಹೋದೆ. ನಾನು ನಿಜವಾಗಿ ಯಾರೆಂದು ಹೇಳಿ ಮುದುಕಿಯ ಕಾಲು ಹಿಡಿದೆ.

"ನನ್ನ ಹೊಟ್ಟ್ಯಾಗ ಹುಟ್ಟ್ಯಾನವ್ವಾ. ನನ್ನ ಬಾಯಿಲೆ ಹೆಂಗ ಹೇಳ್ಲಿ?" ಎಂದಳು. ಆಮೇಲೆ ಒಳಗೆ ಹೋಗಿ ಕೂಸನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿದಳು. "ಈಕಿನ್ನರ ಅರಕೇರಾಕ್ಕ ಒಯ್ದು ಮುಟ್ಟಿಸು."

ಅರಕೇರಾದಲ್ಲಿ ತಾಯಿ ಬಾಗಿಲಲ್ಲೇ ಕೂಸನ್ನು ಎತ್ತಿಕೊಂಡಳು. "ಯಾರ್ರೀ?" ಎಂದು ಕೇಳಿದಳು.

"ಈಕಿ ಅಪ್ಪನೇ. ಆದ್ರ ಹಿಡಿದು ಕೊಡಾಕ ಸಾಕ್ಷಿ ಇಲ್ಲವ್ವಾ" ಎಂದೆ. ನನ್ನ ಕೆಲಸದ ಮೇಲೆಯೇ ಹೇಸಿಗೆಯಾಯಿತು.

ಅವಳು ಕೂಸಿನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು.

"ಮಾರಿ ಪೂರಾ ಅವಂದೇ ಅದ ನೋಡ್ರಿ" ಎಂದಳು. ಆಮೇಲೆ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಆ ಮುಖವನ್ನು ಮೆಲ್ಲಗೆ ಒರೆಸತೊಡಗಿದಳು.