ಇಂಟರ್ವಲ್ ಆದ ಮೇಲೆ ಕಲೆಕ್ಟರಮ್ಮ ಏನಾದಳು?

ಸಿನಿಮಾ ತೋರಿಸಿ ಮದುವೆ ಕುದುರಿಸಲು ಹೊರಟವರನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಕಂಡು ಹಣೆ ಹಣೆ ಚಚ್ಚಿಕೊಂಡೆ.

ಹಾಗೆ ಹೊರಟವಳು ನನ್ನ ದೊಡ್ಡಮ್ಮನ ಮಗಳು, ಸುಗಟೂರಿನ ರತ್ನಕ್ಕ. ಅವಳ ಮಗಳು ಶಾಂತಾಗೆ ಕೋಲಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಾಲೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಜಾತಕ ಕೂಡಿತು, ಹುಡುಗ ಹುಡುಗಿ ಒಪ್ಪಿದರು. ಸಿಕ್ಕಿಕೊಂಡಿದ್ದು ಒಂದೇ ಕಡೆ.

“ಗುರ್ತು ಪರಿಚಯ ಇಲ್ದಿರೋ ಗಂಡಸರ ಹತ್ರ ದಿನವೆಲ್ಲ ಮಾತಾಡೋ ಕೆಲ್ಸ ನಮ್ಮನೆ ಸೊಸೆಗೆ ಯಾಕಮ್ಮ?” ಎಂದರು ಹುಡುಗನ ತಂದೆ.

(ನಾನು ಕೋಲಾರದ ಬ್ಯಾಂಕಿನ ಕೌಂಟರಿನಲ್ಲಿ ಕೂತು ಮಾಡುವುದೂ ಅದನ್ನೇ. ಅವರು ಈ ಮಾತು ಹೇಳಿದ್ದು ನನ್ನ ಮನೆಯಲ್ಲಿ, ನಾನು ಮಾಡಿಕೊಟ್ಟ ಕಾಫಿ ಕುಡಿಯುತ್ತಾ!)

ನಾನು ಬಾಯಿ ತೆರೆಯುವ ಮೊದಲೇ ರತ್ನಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. “ಬಾಯಲ್ಲಿ ಹೇಳಿದ್ರೆ ಇವರಿಗೆ ಹತ್ತಲ್ಲ ಕಣೇ. ಪಿಚ್ಚರ್ ತೋರ್ಸಣ.”

ಆಗ ಕೋಲಾರದಲ್ಲಿ ಓಡುತ್ತಿದ್ದ ಸಿನಿಮಾದಲ್ಲಿ ಹೀರೋಯಿನ್ ಕಲೆಕ್ಟರ್. ರತ್ನಕ್ಕ ಆ ನಟಿಯ ಪರಮ ಅಭಿಮಾನಿ. ಟ್ರಂಕಿನ ಮುಚ್ಚಳದ ಒಳಗೆಲ್ಲ ಅವಳದೇ ಫೋಟೋ. ಅವಳು ತೋಳು ಉದ್ದ ಮಾಡಿದರೆ ರತ್ನಕ್ಕನ ರವಿಕೆಯ ತೋಳೂ ಉದ್ದ. ಒಮ್ಮೆ ಭಾವ ಆ ನಟಿಯ ಮೂಗು ಸೊಟ್ಟ ಅಂದರು ಅಂತ ಅವರಿಗೆ ಆವತ್ತು ಸಪ್ಪೆ ಸಾರೇ ಗತಿಯಾಯಿತು.

ಸರಿ, ಭಾನುವಾರ ಮ್ಯಾಟಿನಿಗೆ ಹೊರಟೆವು. ಶಾಂತಾಗೆ ಡ್ಯೂಟಿ ಇತ್ತು. ಬೀಗರಾಗುವವರ ಮರ್ಯಾದೆಗೆ ಬಾಲ್ಕನಿ ಟಿಕೆಟ್. ರತ್ನಕ್ಕನ ಜೊತೆ ಬಂದ ಸುಗಟೂರಿನ ಉಳಿದ ಹೆಂಗಸರು ಕೆಳಗೆ, ಲೇಡೀಸ್ ಬೆಂಚಿನಲ್ಲಿ. ಥಿಯೇಟರ್ ಮುಂದೆ ಅಭಿಮಾನಿ ಸಂಘದವರು ನಿಲ್ಲಿಸಿದ ಕಟೌಟಿನಲ್ಲಿ ಹೀರೋ ತೆಂಗಿನ ಮರದಷ್ಟು ಎತ್ತರ. ಕಲೆಕ್ಟರಮ್ಮ ಅವನ ಮಂಡಿಯವರೆಗೆ. ನನಗೆ ಅಲ್ಲೇ ಅರ್ಥವಾಗಬೇಕಿತ್ತು.

ಮೊದಲರ್ಧ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಪ್ಪು ಕನ್ನಡಕ ಹಾಕಿದ ಕಲೆಕ್ಟರಮ್ಮ ಜೀಪಿನಿಂದ ಧುಮುಕುತ್ತಾಳೆ. ಕೆರೆ ನುಂಗಿದ ಸಾಹುಕಾರನನ್ನು ಜೈಲಿಗೆ ಕಳಿಸುತ್ತಾಳೆ. ಕೈ ಹಿಡಿದೆಳೆದ ಅವನ ಮಗನ ಕಪಾಳಕ್ಕೆ ಬಿಗಿಯುತ್ತಾಳೆ. ರತ್ನಕ್ಕ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದಳು. (ಹೌದು, ಸಿಳ್ಳೆ. ದನ ಕಾಯ್ದು ಬೆಳೆದವಳು, ಬರುತ್ತದೆ.) ಹುಡುಗನ ತಾಯಿ ಕೂಡ ಸೆರಗಿನಿಂದ ಬಾಯಿ ಮರೆಮಾಡಿಕೊಂಡು ನಕ್ಕರು.

ಇಂಟರ್ವಲ್ ಬಂತು. ರತ್ನಕ್ಕ ಎದ್ದಳು. “ಹಾಲು ಕರೆಯೋ ಹೊತ್ತಾಯ್ತಣ್ಣ, ಬಸ್ಸು ಹೊಂಟೋಗುತ್ತೆ. ನೀವು ಪೂರ್ತಿ ನೋಡ್ಕಂಡು ಬನ್ನಿ.” ಕೆಳಗೂ ಸುಗಟೂರಿನ ಹೆಂಗಸರೆಲ್ಲ ಎದ್ದು ಹೊರಟರು.

ಅವರದು ಯಾವತ್ತೂ ಹಾಗೇ. ಸಂಜೆ ಹಸು ಕಾಯುವುದಿಲ್ಲ, ಡೈರಿಯವರಂತೂ ಕಾಯುವುದೇ ಇಲ್ಲ. ಹಾಗಾಗಿ ಅವರಿಗೆ ಸಿನಿಮಾ ಎಂದರೆ ಇಂಟರ್ವಲ್ ತನಕ. ಆಮೇಲಿನದು ಬೇಡವಾ ಅಂತ ನಾನೊಮ್ಮೆ ಕೇಳಿದ್ದೆ. “ಇನ್ನೇನಿರುತ್ತೆ, ಬರೀ ಫೈಟಿಂಗು” ಅಂದಿದ್ದಳು.

ಫೈಟಿಂಗು! ಇಂಟರ್ವಲ್ ಮುಗಿಯಿತು, ಕಲೆಕ್ಟರಮ್ಮನೂ ಮುಗಿದಳು.

ಹೀರೋ ನಡುಬೀದಿಯಲ್ಲಿ ಅವಳ ಕೆನ್ನೆಗೆ ಬಾರಿಸಿದ. ಅವಳ ತಪ್ಪೇನು? ಅವನ ತಾಯಿಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳಂತೆ. ಪೊಲೀಸರನ್ನು ಕರೆಯಬೇಕಾದವಳು ಮುಂದಿನ ಸೀನಿನಲ್ಲಿ ಅದೇ ಕೆನ್ನೆ ಸವರಿಕೊಂಡು ಸೂರ್ಯಕಾಂತಿ ಹೊಲದಲ್ಲಿ ಹಾಡುತ್ತಿದ್ದಾಳೆ! ಅಭಿಮಾನಿ ಹುಡುಗರು ಪರದೆಗೆ ಚಿಲ್ಲರೆ ಎಸೆದರು. ಕೊನೆಗೆ ರಾಜೀನಾಮೆಯನ್ನು ಅತ್ತೆಯ ಪಾದದ ಹತ್ತಿರ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ಶುಭಂ. ಅಲ್ಲ ಸ್ವಾಮೀ, ಐಎಎಸ್ ಓದಿದ್ದು ಸೌದೆ ಒಲೆ ಊದುವುದಕ್ಕಾ?

ಹುಡುಗನ ತಂದೆ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು. “ಎಂಥಾ ಪಿಚ್ಚರ್ ತೋರ್ಸಿದ್ರಮ್ಮ! ನಾವು ಹೆಂಗೆ ಹೇಳೋದು ಅಂತ ಒದ್ದಾಡ್ತಿದ್ದ ಮಾತ್ನ ನಿಮ್ಮಕ್ಕನೇ ತೋರ್ಸ್‌ಬಿಟ್ರು. ಅವರಿಗೂ ಒಪ್ಗೆ ಅಂದ್ಮೇಲೆ ಇನ್ನೇನು? ಹುಡುಗಿ ಕೆಲ್ಸ ಬಿಡ್ಲಿ, ಲಗ್ನ ಇಟ್ಕಳಣ. ಅಕ್ಕನ್ನ ಒಂದು ಮಾತು ಕೇಳಿ ಇಡಿ, ನಿಮ್ಮ ಬ್ಯಾಂಕಿಗೆ ಫೋನ್ ಮಾಡ್ತೀನಿ.”

ಇದನ್ನು ನಾನು ಸುಗಟೂರಿಗೆ ಹೋಗಿ ಹೇಳಬೇಕು. ಹೇಗೆ ಹೇಳಲಿ?

ಮರುದಿನ ಸಂಜೆ ಹೋದೆ. ರತ್ನಕ್ಕ ಹಾಲು ಕರೆಯುತ್ತಿದ್ದಳು. ಆಗಷ್ಟೇ ಬಸ್ಸಿಳಿದು ಬಂದ ಶಾಂತಾ ಕರು ಹಿಡಿದುಕೊಂಡಿದ್ದಳು. ಕಥೆಯ ಉಳಿದರ್ಧ ಹೇಳಿದೆ.

“ಸುಳ್ಳು! ನೀನು ಬೇರೆ ಯಾವ್ದೋ ಪಿಚ್ಚರ್ ನೋಡ್ಕಂಡು ಬಂದಿದ್ದೀಯ” ಎಂದಳು ರತ್ನಕ್ಕ.

ಡೈರಿಗೆ ಹೊರಟಿದ್ದ ಹೆಂಗಸರು ಕ್ಯಾನು ಕೆಳಗಿಟ್ಟು ನಿಂತರು. ರತ್ನಕ್ಕ ಆ ನಟಿಯ ಹಳೆಯ ಸಿನಿಮಾಗಳನ್ನು ಒಂದೊಂದಾಗಿ ನೆನೆದು ಕೇಳಿದಳು. “ಹಂಗಾದ್ರೆ ಆ ಲಾಯರಮ್ಮ?”

“ಹೀರೋ ಮೇಲೆ ಹಾಕಿದ ಕೇಸು ತಾನೇ ವಾಪಸ್ ತಗೊಂಡು ಅವನನ್ನೇ ಮದುವೆಯಾದಳು.”

“ಲಾರಿ ಓಡಿಸ್ತಿದ್ದೋಳು?”

“ಮದುವೆ ದಿನ ಲಾರಿ ಕೀ ಗಂಡನ ಕೈಗೆ ಕೊಟ್ಟಳು.”

“ಡಾಕ್ಟ್ರು? ಅವಳಾದ್ರೂ?”

“ಸತ್ತಳು ಅಕ್ಕಾ. ಹೀರೋಗೆ ಹೊಡೆದ ಗುಂಡಿಗೆ ಅಡ್ಡ ಬಂದು.”

“ದೇವುಡಾ!” ಎಂದಳು ರತ್ನಕ್ಕ. ಅವಳ ತವರು ರಾಯಲ್ಪಾಡು, ದುಃಖವಾದರೆ ತೆಲುಗು ಬರುತ್ತದೆ. “ಇಷ್ಟು ವರ್ಷ ಅವರೆಲ್ಲ ಚೆನ್ನಾಗವ್ರೆ ಅಂದ್ಕಂಡಿದ್ನಲ್ಲೇ.” ಕಣ್ಣೀರು ಸುರಿಯಿತು. ಹಾಲಿನ ಕೈಯಲ್ಲಿ ಒರೆಸಿಕೊಂಡಳು.

ನನಗೆ ಮೈ ಉರಿಯಿತು. ಆ ಲಾಯರಮ್ಮನನ್ನು ನೋಡಿಕೊಂಡೇ ರತ್ನಕ್ಕ ಮಗಳನ್ನು ಎಸ್ಸೆಸ್ಸೆಲ್ಸಿ ಓದಿಸಿದ್ದು. ಗಂಡನ ಜೊತೆ ಜಗಳವಾಡಿ ಇಂಟರ್‌ವ್ಯೂಗೆ ಕಳಿಸಿದ್ದು. ಅರ್ಧ ಸಿನಿಮಾ ನೋಡಿದವಳು ಮಗಳನ್ನು ಇಷ್ಟು ದೂರ ತಂದಳು. ಪೂರ್ತಿ ನೋಡಿದ್ದರೆ? ಹೆಣ್ಣಿಗೆ ಜೀಪು ಕೊಡುವುದು, ಕನ್ನಡಕ ಕೊಡುವುದು, ಚಪ್ಪಾಳೆ ಕೊಡಿಸುವುದು, ಎಲ್ಲ ಕೊನೆಗೆ ಕಿತ್ತುಕೊಳ್ಳುವ ಮಜಾಕ್ಕಾಗಿಯಾ? ಹಾಗಿದ್ದರೆ ಯಾಕೆ ಕೊಡುತ್ತೀರಿ?

ಹುಡುಗ ಶಾಂತಾಗೆ ಇಷ್ಟವಾಗಿದ್ದಾನೆ. ಅದು ಅವಳ ಮುಖ ನೋಡಿದರೇ ಗೊತ್ತಾಗುತ್ತದೆ. ಅವಳು ಕರುವಿನ ಕುತ್ತಿಗೆ ನೀವುತ್ತಾ ನಿಂತಿದ್ದಳು.

“ಅಳಬೇಡಮ್ಮ” ಎಂದಳು ಕೊನೆಗೆ. “ಇದೂ ಹಂಗೇ ಆಗೋದಾದ್ರೆ, ನಾನೂ ಇಂಟರ್ವಲ್‌ಗೇ ಎದ್ದು ಬರ್ತೀನಿ ಬಿಡು.”

ಡೈರಿಗೆ ಹೊತ್ತಾಗಿತ್ತು, ಹೆಂಗಸರು ಕ್ಯಾನು ಎತ್ತಿಕೊಂಡು ಹೊರಟರು.

ಮೊನ್ನೆ ಬ್ಯಾಂಕಿನಲ್ಲಿ ಫೋನು ಬಂತು. “ಮಾಲೂರಿಂದ ಟ್ರಂಕ್ ಕಾಲ್, ಮಾತಾಡಿ” ಎಂದಿತು ಆಪರೇಟರ್ ದನಿ. ಯಾರ ದನಿ ಎಂದು ನನಗೆ ಗೊತ್ತಾಯಿತು. ಅದು ಒಂದಿಷ್ಟೂ ನಡುಗಲಿಲ್ಲ.

“ಅರ್ಜೆಂಟ್ ಇತ್ತಮ್ಮ, ಪುಣ್ಯಕ್ಕೆ ಬೇಗ ಲೈನ್ ಸಿಕ್ತು” ಎಂದರು ಹುಡುಗನ ತಂದೆ. “ಕೆಲ್ಸ ಬಿಡೋಕೆ ಹುಡುಗಿ ಏನಂತಾಳೆ?”

“ಅವಳನ್ನೇ ಕೇಳಿ ಯಜಮಾನ್ರೇ” ಎಂದೆ. “ಈಗ ನಿಮಗೆ ಲೈನ್ ಕೊಟ್ಟವಳು ಅವಳೇ.”